ಮಂಕಿಯಿಂದ ಒಂದು ವಾರ: ಕಡಲ ಪಯಣದ ಹಳೆಯ ಲೆಕ್ಕ

ಮೆಡಿಟರೇನಿಯನ್ ಸಮುದ್ರದ ದ್ವೀಪಗಳ ನಡುವೆ ಗೆಳೆಯರ ಜೊತೆ ಒಂದು ವಾರ ಹಾಯಿದೋಣಿಯಲ್ಲಿ ಸುತ್ತಲು ಹೊರಡುವವರು ಮೊದಲು ಐದು ಪ್ರಶ್ನೆ ಕೇಳಿಕೊಳ್ಳಬೇಕಾಗುತ್ತದೆ. ಯಾವ ತಿಂಗಳಲ್ಲಿ ಹೋಗುವುದು? ಯಾರ ಜೊತೆ ಹೋಗುವುದು? ರಾತ್ರಿ ಎಲ್ಲಿ ತಂಗುವುದು? ಕುಡಿಯುವ ನೀರನ್ನು ಎಲ್ಲಿ ತುಂಬಿಕೊಳ್ಳುವುದು? ತಿರುಗಿ ಬರುವಾಗ ಗಾಳಿ ಯಾವ ಕಡೆಯಿಂದ ಬೀಸುತ್ತದೆ? ಗ್ರೀಸಿನ ಕಡಲಿನಲ್ಲಿ ಇಂದು ಇದಕ್ಕೆಲ್ಲ ಉತ್ತರ ಕೊಡುವ ಪುಸ್ತಕಗಳಿವೆ, ನಕ್ಷೆಗಳಿವೆ, ದೋಣಿಯನ್ನು ಬಾಡಿಗೆಗೆ ಕೊಡುವ ಕಂಪನಿಗಳಿವೆ. ಇದೇ ಐದು ಪ್ರಶ್ನೆಗಳನ್ನು ನಮ್ಮ ಮಂಕಿಯ ಕಡಲಿಗೆ ಕೇಳಿದರೆ ಏನು ಸಿಗುತ್ತದೆ ಎಂಬ ಕುತೂಹಲ ನನಗೆ ಬಹಳ ದಿನಗಳಿಂದ ಇತ್ತು. ಉತ್ತರಗಳು ಇವೆ. ಆದರೆ ಅವು ಪ್ರವಾಸದ ಪುಸ್ತಕಗಳಲ್ಲಿಲ್ಲ. ಯುದ್ಧದ, ವ್ಯಾಪಾರದ, ರಾಯಭಾರದ ದಾಖಲೆಗಳ ನಡುವೆ ಚದುರಿ ಬಿದ್ದಿವೆ.

ಮಂಕಿ ಇರುವುದು ಹೊನ್ನಾವರ ತಾಲ್ಲೂಕಿನ ದಕ್ಷಿಣದಲ್ಲಿ. ಬಡಗು ದಿಕ್ಕಿಗೆ ಹೋದರೆ ಶರಾವತಿಯ ಅಳಿವೆ, ತೆಂಕು ದಿಕ್ಕಿಗೆ ಮುರ್ಡೇಶ್ವರ. ಶರಾವತಿ ಕಡಲು ಸೇರುವ ಜಾಗದಿಂದ ತುಸು ಆಚೆ, ಕೆಳದಿಯ ನಾಯಕರು ಕೋಟೆ ಕಟ್ಟಿದ ಬಸವರಾಜದುರ್ಗ ದ್ವೀಪ. ಮುರ್ಡೇಶ್ವರದಿಂದ ಸುಮಾರು 19 ಕಿ.ಮೀ. ದೂರದ ಕಡಲಿನಲ್ಲಿ ನೇತ್ರಾಣಿ. ಇನ್ನೂ ಉತ್ತರಕ್ಕೆ ಕಾರವಾರದ ಎದುರು ಕೂರ್ಮಗಡ, ದೇವಗಡ, ಅಂಜದೀವ. ಗ್ರೀಸಿನಲ್ಲಿ ದ್ವೀಪಗಳು ಸಾವಿರಗಟ್ಟಲೆ ಇವೆ. ನಮ್ಮಲ್ಲಿ ಹೆಸರು ಹೇಳಿಕೊಂಡು ನೋಡಲು ಹೋಗುವಂಥವು ಬೆರಳೆಣಿಕೆಯಷ್ಟು. ಹಾಗಿದ್ದರೂ ಈ ಕೆಲವೇ ದ್ವೀಪಗಳನ್ನು ಗುರುತಾಗಿಟ್ಟುಕೊಂಡು ಎರಡು ಸಾವಿರ ವರ್ಷ ಹಡಗುಗಳು ಓಡಾಡಿವೆ.

ಮೊದಲ ಪ್ರಶ್ನೆ ತಿಂಗಳಿನದು. ರೋಮನ್ ಲೇಖಕ ವೆಜಿಟಿಯಸ್ ತನ್ನ ಯುದ್ಧಶಾಸ್ತ್ರದ ಗ್ರಂಥದಲ್ಲಿ ನವೆಂಬರ್ 11ರಿಂದ ಮಾರ್ಚ್ 10ರವರೆಗೆ ಸಮುದ್ರ ಮುಚ್ಚಿರುತ್ತದೆ ಎಂದು ಬರೆದಿದ್ದಾನೆ. ಮೇ ಕೊನೆಯಿಂದ ಸೆಪ್ಟೆಂಬರ್ ಮಧ್ಯದವರೆಗೆ ಮಾತ್ರ ನಂಬಿಕೊಂಡು ಹೊರಡಬಹುದಾದ ಕಾಲ. ನಮ್ಮ ಕಡಲಿನ ಲೆಕ್ಕ ಇದಕ್ಕೆ ಸರಿಯಾಗಿ ತಿರುವುಮುರುವು. ಅವರ ಕಡಲು ತೆರೆದಿರುವ ಜೂನ್, ಜುಲೈ ತಿಂಗಳುಗಳಲ್ಲಿ ನಮ್ಮದು ಮುಚ್ಚಿರುತ್ತದೆ. ಅವರು ಹಡಗನ್ನು ದಡಕ್ಕೆಳೆಯುವ ಹೊತ್ತಿಗೆ ನಮ್ಮಲ್ಲಿ ಹಾಯಿ ಏರುತ್ತದೆ. 14ನೆಯ ಶತಮಾನದ ನಡುವೆ ಹೊನ್ನಾವರದಲ್ಲಿ ತಂಗಿದ್ದ ಮೊರಾಕೋದ ಯಾತ್ರಿಕ ಇಬ್ನ್ ಬತೂತ ಇದನ್ನು ಗಮನಿಸಿದ್ದ. ದೊಡ್ಡ ಹಡಗುಗಳು ಒಳಗೆ ಬರಬಹುದಾದ ಈ ಅಳಿವೆ ಮಳೆಗಾಲದಲ್ಲಿ ಎಷ್ಟು ಉಗ್ರವಾಗಿರುತ್ತದೆಂದರೆ ನಾಲ್ಕು ತಿಂಗಳು, ಮೀನು ಹಿಡಿಯುವವರನ್ನು ಬಿಟ್ಟು, ಯಾರೂ ಅದರಲ್ಲಿ ಹೋಗುವುದಿಲ್ಲ ಎಂದು ಅವನು ಹೇಳುತ್ತಾನೆ. ಋತು ಎಂಬ ಅರ್ಥದ ಅರಬ್ಬಿಯ ‘ಮೌಸಿಮ್’ ಪೋರ್ಚುಗೀಸರ ಬಾಯಲ್ಲಿ ಹಾದು ‘ಮಾನ್ಸೂನ್’ ಆಯಿತು. ನಾವು ಆ ಮಾತನ್ನು ಮಳೆಗೆ ಬಳಸುತ್ತೇವೆ. ಅದನ್ನು ಮೊದಲು ಬಳಸಿದ ಹಡಗಿನವರಿಗೆ ಅದು ಹೊರಡುವ ಮತ್ತು ತಿರುಗುವ ಕಾಲದ ಹೆಸರಾಗಿತ್ತು. ಶ್ರಾವಣದ ನೂಲು ಹುಣ್ಣಿಮೆಯಂದು ಕಡಲಿಗೆ ತೆಂಗಿನಕಾಯಿ ಅರ್ಪಿಸಿ ಹೊಸ ವರ್ಷದ ದುಡಿಮೆಗೆ ಇಳಿಯುವ ರೂಢಿಯಲ್ಲಿ ಆ ಲೆಕ್ಕ ಇನ್ನೂ ಉಳಿದಿದೆ. ಜೂನ್ 1ರಿಂದ ಜುಲೈ 31ರವರೆಗೆ ಸರ್ಕಾರ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಹಾಕುವ ನಿಷೇಧವೂ ಹೆಚ್ಚುಕಡಿಮೆ ಅದೇ ಕಾಲಕ್ಕೆ ಬರುತ್ತದೆ.

ಈ ಪಂಚಾಂಗ ಕೈಕೊಟ್ಟವರಿಗೆ ಏನಾಯಿತೆಂಬುದಕ್ಕೆ ಎರಡು ಉದಾಹರಣೆ ಸಾಕು. 1510ರ ಫೆಬ್ರವರಿಯಲ್ಲಿ ಅಲ್ಬುಕರ್ಕ್ ಗೋವೆಯನ್ನು ಹಿಡಿದ. ಮೇ ತಿಂಗಳಲ್ಲಿ ಆದಿಲಶಾಹಿ ಸೈನ್ಯ ಅವನನ್ನು ಹೊರಗಟ್ಟಿತು. ಹಡಗು ಹತ್ತಿದರೂ ಕಡಲಿಗೆ ಹೋಗುವಂತಿಲ್ಲ. ಮಳೆಗಾಲ ಬಂದು ಮಾಂಡೋವಿಯ ಬಾಯಿ ಮುಚ್ಚಿತ್ತು. ಆಗಸ್ಟ್ ತನಕ ಪೋರ್ಚುಗೀಸರು ನದಿಯ ನಡುವೆಯೇ ಹಸಿವಿನಲ್ಲಿ ಸಿಕ್ಕಿಬಿದ್ದರು. ಎರಡನೆಯದು ಇಂಗ್ಲಿಷರ ಕತೆ. ಮದುವೆಯ ಬಳುವಳಿಯಾಗಿ ಬಂದ ಬೊಂಬಾಯಿಯನ್ನು ವಶಕ್ಕೆ ಪಡೆಯಲು 1662ರಲ್ಲಿ ಸರ್ ಅಬ್ರಹಾಂ ಶಿಪ್ಮನ್ ಸುಮಾರು 400 ಸೈನಿಕರೊಂದಿಗೆ ಬಂದ. ಪೋರ್ಚುಗೀಸರು ಊರನ್ನು ಬಿಟ್ಟುಕೊಡಲಿಲ್ಲ. ಸೈನಿಕರನ್ನು ಕಾರವಾರದ ಎದುರಿನ ಅಂಜದೀವಿನಲ್ಲಿ ಇಳಿಸಲಾಯಿತು. ಅಲ್ಲಿ ಎರಡು ಮಳೆಗಾಲ ಕಳೆಯಿತು. ಜ್ವರ, ಅತಿಸಾರಗಳಲ್ಲಿ ಶಿಪ್ಮನ್ನನೂ ಸೇರಿ ಬಹುಪಾಲು ಜನ ಸತ್ತರು. 1665ರ ಫೆಬ್ರವರಿಯಲ್ಲಿ ಬೊಂಬಾಯಿ ಕೈಗೆ ಬಂದಾಗ ಉಳಿದಿದ್ದವರು ನೂರರ ಆಸುಪಾಸು. ಒಂದೆರಡು ವಾರದ ತಂಗುದಾಣವಾಗಬಹುದಾಗಿದ್ದ ದ್ವೀಪ ಎರಡು ವರ್ಷದ ಸೆರೆಯಾಯಿತು.

ಎರಡನೆಯ ಪ್ರಶ್ನೆ ಜೊತೆಗಾರರದು. ಈ ಕರಾವಳಿಯಲ್ಲಿ ಒಂಟಿ ದೋಣಿಗೆ ಅಂಜಿಕೆ ಇತ್ತು. ಕ್ರಿ.ಶ. ಮೊದಲನೆಯ ಶತಮಾನದಲ್ಲಿ ಗ್ರೀಕ್ ಭಾಷೆಯಲ್ಲಿ ಬರೆದ ‘ಪೆರಿಪ್ಲಸ್’ ಹಡಗಿನವರ ಕೈಪಿಡಿ. ಈಜಿಪ್ಟಿನಿಂದ ಜುಲೈನಲ್ಲಿ ಹೊರಡಬೇಕು ಎಂದು ತಿಂಗಳು ಹೇಳುವ ಆ ಪುಸ್ತಕ, ನಮ್ಮ ಪಶ್ಚಿಮ ತೀರದ ದ್ವೀಪಗಳ ಪಟ್ಟಿಯನ್ನೂ ಕೊಟ್ಟು, ಅಲ್ಲಿ ಕಡಲ್ಗಳ್ಳರಿದ್ದಾರೆ ಎಂದು ಎಚ್ಚರಿಸುತ್ತದೆ. ಅದರಲ್ಲಿ ಬರುವ ‘ಲ್ಯೂಕೆ’, ಅಂದರೆ ಬಿಳಿಯ ದ್ವೀಪ, ನಮ್ಮ ನೇತ್ರಾಣಿಯೇ ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ, ಎಲ್ಲರೂ ಒಪ್ಪುವುದಿಲ್ಲ. ಮೆಡಿಟರೇನಿಯನ್ನಿನ ವ್ಯಾಪಾರಿಗಳಿಗಾಗಿ ಬರೆದ ಕೈಪಿಡಿಯೊಂದರಲ್ಲಿ ಈ ತೀರದ ಬಂಡೆಗಳಿಗೆ ಜಾಗ ಸಿಕ್ಕಿತ್ತು ಎಂಬುದಂತೂ ನಿಜ.

ಹದಿನಾರು, ಹದಿನೇಳನೆಯ ಶತಮಾನಗಳ ಹೊತ್ತಿಗೆ ಗುಂಪಾಗಿ ಹೋಗುವುದೇ ಪದ್ಧತಿಯಾಗಿತ್ತು. ಅಕ್ಕಿ, ಮೆಣಸು ಹೊತ್ತ ದೋಣಿಗಳೆಲ್ಲ ಒಂದಾಗಿ ಕಾವಲು ಹಡಗುಗಳ ಜೊತೆ ಹೊರಡುತ್ತಿದ್ದವು. ಪೋರ್ಚುಗೀಸರು ಅದನ್ನು ‘ಕಾಫಿಲಾ’ ಎನ್ನುತ್ತಿದ್ದರು. ರೋಮಿನ ಪಿಯೆತ್ರೋ ದೆಲ್ಲಾ ವಾಲ್ಲೆ 1614ರಲ್ಲಿ ವೆನಿಸ್ಸಿನಿಂದ ಹಡಗು ಹತ್ತಿ ಮೆಡಿಟರೇನಿಯನ್ ದಾಟಿ ಹೊರಟವನು. ಒಂಬತ್ತು ವರ್ಷದ ಮೇಲೆ, 1623ರ ಅಕ್ಟೋಬರಿನಲ್ಲಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರದ ಜೊತೆ ಗೋವೆಯಿಂದ ಹೊನ್ನಾವರಕ್ಕೆ ಬಂದ. ಅವನೂ ಒಂಟಿಯಾಗಿ ಬರಲಿಲ್ಲ.

ಕಡಲ್ಗಳ್ಳ ಎಂಬ ಮಾತನ್ನು ಮಾತ್ರ ಎಚ್ಚರದಿಂದ ಓದಬೇಕು. ಪೋರ್ಚುಗೀಸ್ ಬರಹಗಳಲ್ಲಿ ‘ತಿಮೋಜ’ ಎಂದು ಬರುವ ಹೊನ್ನಾವರದ ತಿಮ್ಮಯ್ಯನನ್ನು ಹಲವರು ಕಡಲ್ಗಳ್ಳನೆಂದೇ ಕರೆದಿದ್ದಾರೆ. ವಿಜಯನಗರದ ಕಡೆಯ ನೌಕಾನಾಯಕನಾಗಿದ್ದ ಅವನ ಸಲಹೆ, ಸಹಾಯಗಳಿಂದಲೇ ಅಲ್ಬುಕರ್ಕ್ 1510ರಲ್ಲಿ ಗೋವೆಯ ಕಡೆ ತಿರುಗಿದ್ದು. ತಮ್ಮ ಜೊತೆ ಬಂದಾಗ ಮಿತ್ರ, ಬೇರೆಯವರ ಜೊತೆ ಹೋದಾಗ ಕಳ್ಳ. ಹಾಯಿ, ದೋಣಿ, ಗಾಳಿಯ ಜ್ಞಾನ ಎರಡೂ ಕಾಲದಲ್ಲಿ ಅವನದೇ.

ರಾತ್ರಿ ಎಲ್ಲಿ ತಂಗುವುದು, ನೀರು ಎಲ್ಲಿ? ಇಲ್ಲಿ ನಮ್ಮ ಕಡಲು ಗ್ರೀಸಿನದಕ್ಕಿಂತ ತೀರಾ ಬೇರೆ. ಅಲ್ಲಿ ದ್ವೀಪವೇ ಬಂದರು. ನಮ್ಮಲ್ಲಿ ಬಂದರು ಎಂದರೆ ನದಿಯ ಬಾಯಿ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ದ್ವೀಪಗಳು ದಾರಿಯ ಗುರುತಿಗೆ, ಕಾವಲಿಗೆ, ಕೆಲವೊಮ್ಮೆ ನೀರಿಗೆ. ಅಂಜದೀವಿಗೆ ಅಷ್ಟು ಬೆಲೆ ಬಂದದ್ದು ಅಲ್ಲಿ ಸಿಹಿನೀರು ಇದ್ದುದರಿಂದ. 1498ರಲ್ಲಿ ಊರಿಗೆ ತಿರುಗುವ ಮುನ್ನ ವಾಸ್ಕೋ ಡ ಗಾಮ ಹಡಗು ಸರಿಪಡಿಸಿ ನೀರು ತುಂಬಿಸಿಕೊಂಡದ್ದು ಅಲ್ಲಿಯೇ. ಆದರೆ ನದಿಯ ಬಾಯಿ ಸುಮ್ಮನೆ ತೆರೆದುಕೊಳ್ಳುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಮರಳಿನ ದಿಬ್ಬ ಜಾಗ ಬದಲಿಸುತ್ತದೆ. ಹೋದ ವರ್ಷದ ದಾರಿ ಈ ವರ್ಷದ ದಾರಿಯಲ್ಲ. ಉಬ್ಬರದ ಹೊತ್ತು ತಪ್ಪಿದರೆ ದಡ ಕಣ್ಣಿಗೆ ಕಾಣುತ್ತಿದ್ದರೂ ಹೊರಗೇ ಲಂಗರು ಹಾಕಿ ಕಾಯಬೇಕು. ಇದನ್ನು ಯಾವ ಗ್ರೀಕ್ ಕೈಪಿಡಿಯೂ, ಯಾವ ಪೋರ್ಚುಗೀಸ್ ನಕ್ಷೆಯೂ ಹೇಳಲಾರದು. ಆ ವಾರ ಆ ಅಳಿವೆಯಲ್ಲಿ ಬಲೆ ಬೀಸಿದವನೇ ಹೇಳಬೇಕು.

ಐದನೆಯದು ಗಾಳಿ. ಮಳೆಗಾಲ ಮುಗಿದ ಮೇಲೆ ಇಲ್ಲಿ ರಾತ್ರಿಯಿಂದ ಬೆಳಗಿನವರೆಗೆ ನೆಲದಿಂದ ಕಡಲಿಗೆ ಮೂಡುಗಾಳಿ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಕಡಲಗಾಳಿ. ಉತ್ತರಕ್ಕೆ ಹೋಗುವವರು ಬೆಳಗಿನ ಗಾಳಿಯನ್ನು ಹಿಡಿಯಬೇಕು. ದಕ್ಷಿಣಕ್ಕೆ ಹೋಗುವವರಿಗೆ ಮಧ್ಯಾಹ್ನ ಅನುಕೂಲ. ಇಷ್ಟು ತಿಳಿದರೆ ಹಳೆಯ ದಾಖಲೆಗಳ ದಿನಾಂಕಗಳು ಮಾತಾಡತೊಡಗುತ್ತವೆ. ಹೊನ್ನಾವರದ ಸುಲ್ತಾನ ಜಮಾಲುದ್ದೀನ್ 52 ಹಡಗುಗಳನ್ನು ಸಿದ್ಧಪಡಿಸಿ ಸಂದಾಪುರದ, ಅಂದರೆ ಗೋವೆಯ, ಮೇಲೆ ಹೊರಟಾಗ ಇಬ್ನ್ ಬತೂತ ಜೊತೆಗಿದ್ದ. 1342ರ ಸುಮಾರು, ಮಳೆ ಮುಗಿದ ಕಾಲ. ಶನಿವಾರ ಹೊರಟವರು ಸೋಮವಾರ ಸಂಜೆ ಗೋವೆಯ ಅಳಿವೆಯಲ್ಲಿದ್ದರು ಎನ್ನುತ್ತಾನೆ. ಸುಮಾರು 140 ಕಿ.ಮೀ. ದಾರಿ, ಅದೂ ಉತ್ತರಕ್ಕೆ, ಕುದುರೆಗಳನ್ನು ಹೊತ್ತ ಎರಡು ಹಡಗುಗಳೊಂದಿಗೆ. ಆ ಕುದುರೆ ಹಡಗಿಗೆ ಅವನು ಕೊಡುವ ‘ತರೀದ’ ಎಂಬ ಹೆಸರು ಮೆಡಿಟರೇನಿಯನ್ನಿನಲ್ಲೂ ಬಳಕೆಯಲ್ಲಿತ್ತು.

ಇದರ ಎದುರಿಗೆ ಶಿವಾಜಿಯ 1665ರ ಪಯಣವನ್ನು ಇಟ್ಟು ನೋಡಿ. ಅಂಜದೀವಿನ ಇಂಗ್ಲಿಷರು ಬೊಂಬಾಯಿ ಸೇರಿದ ಅದೇ ಫೆಬ್ರವರಿ. ಮಾಲ್ವಣದಿಂದ ಬಸ್ರೂರಿಗೆ ಬಂದ ನೌಕಾಪಡೆಯಲ್ಲಿ ಮೂರು ದೊಡ್ಡ ಹಡಗು, 85 ‘ಫ್ರಿಗೇಟು’ಗಳಿದ್ದವು ಎಂದು ಕಾರವಾರದ ಇಂಗ್ಲಿಷ್ ಕೋಠಿಯವರು ಬರೆದರು, ಇಲ್ಲಿ ಫ್ರಿಗೇಟ್ ಎಂದರೆ ಸಣ್ಣ ದೋಣಿ. ದಕ್ಷಿಣಕ್ಕೆ ಇಳಿಯುವಾಗ ವಾಯವ್ಯದ ಗಾಳಿ ಬೆನ್ನಿಗಿತ್ತು. ಬಸ್ರೂರನ್ನು ಕೊಳ್ಳೆಹೊಡೆದು, ಶಿವರಾತ್ರಿಗೆ ಗೋಕರ್ಣದಲ್ಲಿ ಮಿಂದ ಮೇಲೆ ಶಿವಾಜಿ ಹೆಚ್ಚಿನ ದೋಣಿಗಳನ್ನು ಹಿಂದಕ್ಕೆ ಕಳಿಸಿದ. ಸೈನ್ಯ ನದಿಗಳನ್ನು ದಾಟಲು ಹನ್ನೆರಡನ್ನಷ್ಟೇ ಉಳಿಸಿಕೊಂಡು, ಅಂಕೋಲೆಯ ಮೇಲೆ ನೆಲದ ದಾರಿಯಲ್ಲಿ ಕಾರವಾರಕ್ಕೆ ಬಂದ. ಇದಕ್ಕೆ ಯುದ್ಧದ ಕಾರಣಗಳೂ ಇದ್ದವು. ಆದರೆ ಎದುರುಗಾಳಿಯಲ್ಲಿ ಸೈನ್ಯವನ್ನು ದೋಣಿಯಲ್ಲಿ ಕೂರಿಸಿಕೊಂಡು ಉತ್ತರಕ್ಕೆ ಏಗುವುದಕ್ಕಿಂತ ಇದು ಜಾಣತನದ ಲೆಕ್ಕ ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ಓದಿದ ಮೇಲೆ ಒಂದು ಮಾತು ನನ್ನನ್ನು ಕಾಡುತ್ತದೆ. ಈ ಯೋಜನೆಗಳನ್ನು ಹಾಕಿದವರು ಯಾರು? ಸುಲ್ತಾನನ ಹೆಸರಿದೆ, ಛತ್ರಪತಿಯ ಹೆಸರಿದೆ, ಮೊರಾಕೋದ, ರೋಮಿನ ಯಾತ್ರಿಕರ ಹೆಸರಿದೆ. ಶನಿವಾರ ಹೊರಟರೆ ಸೋಮವಾರ ತಲುಪುತ್ತೇವೆ ಎಂದು ಲೆಕ್ಕ ಹಾಕಿದ ತಂಡೇಲನ ಹೆಸರಿಲ್ಲ. ಮರಳ ದಿಬ್ಬದ ಪಕ್ಕದಿಂದ ದೆಲ್ಲಾ ವಾಲ್ಲೆಯ ದೋಣಿಯನ್ನು ಶರಾವತಿಯ ಒಳಗೆ ತಂದವನ ಹೆಸರಿಲ್ಲ. ಕಡಲಿನವರಲ್ಲಿ ಹೆಸರು ಉಳಿಸಿಕೊಂಡ ತಿಮ್ಮಯ್ಯನಿಗೂ ಅದು ಉಳಿದದ್ದು ಪರಕೀಯರ ಬರಹದಲ್ಲಿ, ಪರಕೀಯರ ಉಚ್ಚಾರಣೆಯಲ್ಲಿ. ಯಂತ್ರದ ದೋಣಿಗಳು ಬಂದ ಮೇಲೆ ಹಾಯಿಯ ಲೆಕ್ಕ ಬೇಡವಾಯಿತು. ಅದು ಬರಹದಲ್ಲಿ ಇರಲಿಲ್ಲ, ಬಳಕೆಯಲ್ಲಿತ್ತು. ಬಳಕೆ ನಿಂತರೆ ಅದನ್ನು ಹುಡುಕಲು ಯಾವ ಪತ್ರಾಗಾರವೂ ಇಲ್ಲ. ಇತಿಹಾಸ ಓದುವ ವಿದ್ಯಾರ್ಥಿಗಳು ಗೋವೆಯ, ಲಂಡನ್ನಿನ ದಾಖಲೆಗಳನ್ನು ನೋಡುವ ಮೊದಲು ಹೊನ್ನಾವರ, ತದಡಿ, ಭಟ್ಕಳದ ಬಂದರುಗಳಲ್ಲಿ ಎಂಬತ್ತು ದಾಟಿದವರ ಪಕ್ಕದಲ್ಲಿ ಕೂತು ಗಾಳಿಗಳ ಹೆಸರನ್ನು ಬರೆದುಕೊಳ್ಳಲಿ ಎಂದು ನಾನು ಕೇಳಿಕೊಳ್ಳುವುದು ಇದಕ್ಕಾಗಿ. ದಾಖಲೆಗಳು ಇನ್ನೂ ನೂರು ವರ್ಷ ಕಾದಾವು.

ನನ್ನ ವಾರದ ಯೋಜನೆಯನ್ನೂ ಬರೆದುಬಿಡುತ್ತೇನೆ; ಹಾಯಿ ಹಿಡಿಯಬಲ್ಲವರು ಸಿಕ್ಕರೆ ಕೆಲಸಕ್ಕೆ ಬಂದೀತು. ತಿಂಗಳು ನವೆಂಬರ್ ಕೊನೆ. ಮೊದಲ ದಿನ ನಸುಕಿನಲ್ಲಿ ಮೂಡುಗಾಳಿಗೆ ಮಂಕಿಯಿಂದ ಹೊರಟು, ಬಸವರಾಜದುರ್ಗವನ್ನು ಹೊರಗಿನಿಂದ ನೋಡಿ, ಉಬ್ಬರದ ಜೊತೆ ಶರಾವತಿಯ ಒಳಗೆ. ಎರಡನೆಯ ದಿನ ಮಧ್ಯಾಹ್ನದ ಕಡಲಗಾಳಿಗೆ ಹಾಯಿ ಕೊಟ್ಟು ಗೇರುಸೊಪ್ಪೆಯ ಕಡೆಗೆ. ದೆಲ್ಲಾ ವಾಲ್ಲೆ ಬಾಯ್ತುಂಬ ಹೊಗಳಿದ ದಾರಿ ಇದು. ಮೂರನೆಯ ದಿನ ಇಳಿತದ ಜೊತೆ ಹೊನ್ನಾವರಕ್ಕೆ. ನಾಲ್ಕನೆಯ ದಿನ ಬೆಳಗಿನ ಗಾಳಿಗೆ ಉತ್ತರಕ್ಕೆ, ಅಘನಾಶಿನಿಯ ಬಾಯಿಗೆ. ಐದನೆಯ ದಿನ ಗೋಕರ್ಣ. ಗಾಳಿ ಕೆಟ್ಟರೆ ಇರಲೆಂದು ಉಳಿಸಿಕೊಂಡ ದಿನವೂ ಅದೇ. ಆರನೆಯ ದಿನ ವಾಯವ್ಯದ ಗಾಳಿ ಬೆನ್ನಿಗಿಟ್ಟುಕೊಂಡು ಮತ್ತೆ ಹೊನ್ನಾವರ. ಏಳನೆಯ ದಿನ ನೇತ್ರಾಣಿಯನ್ನು ಒಂದು ಸುತ್ತು ಹಾಕಿ ಸಂಜೆಗೆ ಮಂಕಿ. ಅಂಜದೀವ ಪಟ್ಟಿಯಲ್ಲಿಲ್ಲ, ಅದು ಈಗ ನೌಕಾಪಡೆಯ ವಶದಲ್ಲಿದೆ. ಉಳಿದ ಕಡೆಯೂ ಬೇಕಾದ ಪರವಾನಗಿಯನ್ನು ಮೊದಲೇ ಪಡೆದಿರಬೇಕು.

ಐದಾರು ಜನ ಸಾಕು. ಆದರೆ ಹೊರಡುವ ದಿನವನ್ನು ನಮ್ಮ ರಜೆಯ ಪಟ್ಟಿ ನೋಡಿ ಗೊತ್ತುಮಾಡುವಂತಿಲ್ಲ. ಅದನ್ನು ತಂಡೇಲ ಹೇಳಬೇಕು, ನಾವು ಕೇಳಬೇಕು. ಪಯಣದ ಬಗ್ಗೆ ಆಮೇಲೆ ಯಾರು ಬರೆದರೂ ಮೊದಲ ಸಾಲಿನಲ್ಲಿ ಅವನ ಹೆಸರಿರಲಿ.