ಗಂಧದ ಅಂಚೆಚೀಟಿ ಮತ್ತು ಕೌಂಟರಿನ ಮುಂದಿನ ಸಾಲು

2006ರ ಡಿಸೆಂಬರ್ 13ರಂದು ನಮ್ಮ ಅಂಚೆ ಇಲಾಖೆ ಶ್ರೀಗಂಧದ ಪರಿಮಳವಿರುವ ಅಂಚೆಚೀಟಿಯೊಂದನ್ನು ಹೊರತಂದಿತು. ಭಾರತದ ಮೊದಲ ಪರಿಮಳದ ಅಂಚೆಚೀಟಿ ಅದು. ಮುಖಬೆಲೆ 15 ರೂಪಾಯಿ. ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಗಂಧದ ವಾಸನೆ ಬರುತ್ತಿತ್ತು. ನಾನು ಆಗ ಮುಂಬೈಗೆ ಬಂದು ನಾಲ್ಕು ವರ್ಷವಾಗಿತ್ತು. ಊರನ್ನು ನೆನಪಿಸುವ ಏನು ಸಿಕ್ಕರೂ ಕೊಂಡುಬಿಡುವ ವಯಸ್ಸು. ಗಂಧವೆಂದರೆ ನಮ್ಮದೇ ಎಂಬ ಹೆಮ್ಮೆ ಬೇರೆ.

ನಾನು ಚೀಟಿ ಕೊಳ್ಳುತ್ತಿದ್ದ ಅಂಚೆ ಕಚೇರಿಯಲ್ಲಿ ಒಬ್ಬರ ಪರಿಚಯವಿತ್ತು. ಹಿಂದಿನ ದಿನವೇ ಹೇಳಿಟ್ಟಿದ್ದೆ. ಆ ದಿನ ಹೋದಾಗ ಕೌಂಟರಿನ ಮುಂದೆ ಹದಿನೈದಿಪ್ಪತ್ತು ಜನ ನಿಂತಿದ್ದರು. ನಾನು ಪಕ್ಕದ ಬಾಗಿಲಿನಿಂದ ಒಳಗೆ ಹೋಗಿ, ತೆಗೆದಿರಿಸಿದ್ದ ಐದು ಪೂರ್ತಿ ಹಾಳೆಗಳಿಗೆ ಹಣ ಕೊಟ್ಟು, ಚೀಲದೊಳಗೆ ಇಟ್ಟುಕೊಂಡು ಹೊರಬಂದೆ. ಹೊರಬರುವ ಹೊತ್ತಿಗೆ ಇವತ್ತಿನದು ಮುಗಿಯಿತು ಎಂದು ಕೌಂಟರಿನಿಂದ ಕೂಗಿದರು. ಸಾಲಿನಲ್ಲಿ ಶಾಲೆಯ ಸಮವಸ್ತ್ರದಲ್ಲೇ ಬಂದಿದ್ದ ಹುಡುಗನೊಬ್ಬ ಕೈಯಲ್ಲಿ ಮಡಚಿದ ನೋಟು ಹಿಡಿದು ನಿಂತಿದ್ದ. ಅವನಿಗೆ ಬೇಕಾಗಿದ್ದದ್ದು ಒಂದೇ ಚೀಟಿ ಇರಬೇಕು. ನನ್ನ ಚೀಲದಲ್ಲಿ ಐದು ಹಾಳೆ ಇದ್ದವು. ನಾನು ಚೀಲ ತೆರೆಯಲಿಲ್ಲ, ನಡೆದುಬಿಟ್ಟೆ.

ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಧಾರವಾಡದ ಕಡೆಯ ಹಿರಿಯರೊಬ್ಬರಿದ್ದರು. ಎಲ್ಲರಿಗೂ ಅವರು ಕಾಕಾ. ಅಂಚೆಚೀಟಿಯ ಹುಚ್ಚು ನನಗೆ ಅಂಟಿಸಿದವರೇ ಅವರು. ಆ ಸಂಜೆ ಹಾಳೆಗಳನ್ನು ಅವರ ಮೇಜಿನ ಮೇಲೆ ಹರಡಿದೆ. ಚಿಮಟದಿಂದ ಒಂದು ಹಾಳೆಯ ಅಂಚು ಎತ್ತಿ ಮೂಸಿ ನೋಡಿದರು. "ಛಲೋ ಅದ," ಅಂದರು. ಆಮೇಲೆ, "ಎಷ್ಟು ತಂದೀ?" ಹೇಳಿದೆ. ಹೇಗೆ ಸಿಕ್ಕಿತು ಎಂಬುದನ್ನೂ ಸ್ವಲ್ಪ ಜಂಬದಿಂದಲೇ ಹೇಳಿದೆ. ಕಾಕಾ ಚಿಮಟ ಕೆಳಗಿಟ್ಟರು.

"ಅಂಗಡಿ ಇಡಾಂವ ಇದ್ದೀ ಏನು ತಮ್ಮಾ? ಇದು ಆ ಫಾರ್ಲಿ ಮಾಡಿದ ಕೆಲಸ ಆತಲ್ಲೋ!"

ಫಾರ್ಲಿ ಯಾರೆಂದು ನನಗೆ ಗೊತ್ತಿರಲಿಲ್ಲ. ಆ ರಾತ್ರಿ ಕಾಕಾ ಹೇಳಿದ್ದರಲ್ಲಿ ಕೆಲವನ್ನು, ಆಮೇಲೆ ನಾನೇ ಓದಿ ತಿಳಿದಿದ್ದರಲ್ಲಿ ಕೆಲವನ್ನು ಇಲ್ಲಿ ಬರೆಯುತ್ತಿದ್ದೇನೆ.

ಜೇಮ್ಸ್ ಫಾರ್ಲಿ 1933ರಲ್ಲಿ ಅಮೆರಿಕದ ಪೋಸ್ಟ್‌ಮಾಸ್ಟರ್ ಜನರಲ್ ಆದವರು. ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಬಾಲ್ಯದಿಂದಲೂ ಅಂಚೆಚೀಟಿ ಸಂಗ್ರಹಿಸುತ್ತಿದ್ದವರು. ಸಚಿವ ಹೆರಾಲ್ಡ್ ಇಕೀಸ್ ಅವರಿಗೂ ಅದೇ ಹವ್ಯಾಸ. ಹೊಸ ಚೀಟಿ ಅಚ್ಚಾದಾಗಲೆಲ್ಲ ಫಾರ್ಲಿ ಮುದ್ರಣಾಲಯದಿಂದ ಕೆಲವು ಹಾಳೆಗಳನ್ನು ಮೊದಲೇ ತೆಗೆಸಿಕೊಳ್ಳುತ್ತಿದ್ದರು. ಆ ಹಾಳೆಗಳಿಗೆ ಅಂಟು ಹಚ್ಚಿರುತ್ತಿರಲಿಲ್ಲ, ಚೀಟಿಗಳ ನಡುವೆ ಹರಿಯಲು ತೂತುಗಳನ್ನೂ ಹೊಡೆದಿರುತ್ತಿರಲಿಲ್ಲ. ಅವನ್ನು ಅಧ್ಯಕ್ಷರಿಗೆ, ಇಕೀಸ್‌ಗೆ, ಇನ್ನು ಕೆಲವು ಆಪ್ತರಿಗೆ ಕಾಣಿಕೆಯಾಗಿ ಕೊಟ್ಟರು. ತಮ್ಮ ಮಕ್ಕಳಿಗೂ ಇಟ್ಟರು. ಕಳ್ಳತನವೇನೂ ಅಲ್ಲ, ಪ್ರತಿ ಹಾಳೆಗೂ ಮುಖಬೆಲೆ ತೆತ್ತಿದ್ದರು. ನಾನೂ ತೆತ್ತಿದ್ದೆನಲ್ಲ, ಹಾಗೆ.

ತೊಡಕು ಎಲ್ಲಿತ್ತೆಂದರೆ, ಆ ರೂಪದ ಹಾಳೆ ಬೇರೆ ಯಾರಿಗೂ ಯಾವ ಕೌಂಟರಿನಲ್ಲೂ ಸಿಗುತ್ತಿರಲಿಲ್ಲ. ಹೊರಗೆ ಆರ್ಥಿಕ ಮಹಾಕುಸಿತದ ಕಾಲ. ಮೂರು ಸೆಂಟಿನ ಚೀಟಿಯನ್ನೂ ಯೋಚಿಸಿ ಕೊಳ್ಳುವ ಸಂಗ್ರಾಹಕರು. ಅಂಥ ಹಾಳೆಗಳು ಇವೆ ಎಂಬ ಸುದ್ದಿ ಹೊರಬಿದ್ದಾಗ, ಅವುಗಳಿಗೆ ಬರಬಹುದಾದ ಬೆಲೆ ಕೇಳಿ ಅವರಿಗೆ ಸಿಟ್ಟು ಬಂತು. ಸಂಗ್ರಾಹಕರ ಸಂಘಗಳು ದನಿ ಎತ್ತಿದವು, ವಿಷಯ ಕಾಂಗ್ರೆಸ್ ಸಭೆಯವರೆಗೂ ಹೋಯಿತು.

ಕೊಟ್ಟ ಹಾಳೆಗಳನ್ನೆಲ್ಲ ಹಿಂದಕ್ಕೆ ಕೇಳಿ ಸುಟ್ಟುಹಾಕುವುದು ಒಂದು ದಾರಿಯಾಗಿತ್ತು. ಇಲಾಖೆ ಹಿಡಿದದ್ದು ಇನ್ನೊಂದು ದಾರಿ. 1935ರ ಮಾರ್ಚ್ 15ರಿಂದ 20 ಬಗೆಯ ಚೀಟಿಗಳನ್ನು ಹೊಸದಾಗಿ, ಅಂಟಿಲ್ಲದೆ, ಹೆಚ್ಚಿನವನ್ನು ತೂತುಗಳೂ ಇಲ್ಲದೆ ಅಚ್ಚು ಹಾಕಿಸಿ ಯಾರು ಕೇಳಿದರೂ ಮುಖಬೆಲೆಗೇ ಮಾರಿತು. ಅಧ್ಯಕ್ಷರ ಆಲ್ಬಮ್ಮಿನಲ್ಲಿದ್ದದ್ದು ಈಗ ಗುಮಾಸ್ತನ ಆಲ್ಬಮ್ಮಿಗೂ ಬಂತು. ಅಂಟಿಲ್ಲದ ಚೀಟಿ ಅರೆಬರೆ ಎಂದು ಗೊಣಗಿದವರಿಗಾಗಿ 1940ರಲ್ಲಿ, ಹಾಳೆ ಕಳಿಸಿದರೆ ಅಂಟು ಹಚ್ಚಿ ಹಿಂತಿರುಗಿಸುವ ಏರ್ಪಾಡೂ ಆಯಿತು. ಸಂಗ್ರಾಹಕರ ಬಾಯಲ್ಲಿ ಈ ಚೀಟಿಗಳಿಗೆ ಇಂದಿಗೂ ಫಾರ್ಲಿಯ ಎಡವಟ್ಟು ಎಂಬ ಅರ್ಥದ ಹೆಸರೇ ಇದೆ.

ಹಾಗಾದರೆ ಅಪರೂಪದ್ದನ್ನು ಪಡೆದವರೆಲ್ಲ ತಪ್ಪಿತಸ್ಥರೇ? ಅಲ್ಲ. 1918ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ವಿಮಾನ ಅಂಚೆ ಶುರುವಾಗುವಾಗ 24 ಸೆಂಟಿನ ಚೀಟಿಯೊಂದು ಬಂತು. ಕೆಂಪು ಚೌಕಟ್ಟಿನೊಳಗೆ ನೀಲಿ ವಿಮಾನ. ಎರಡು ಬಣ್ಣಕ್ಕೆ ಹಾಳೆ ಎರಡು ಸಲ ಯಂತ್ರಕ್ಕೆ ಹೋಗಬೇಕು. ಎಲ್ಲೋ ಒಂದು ಹಾಳೆ ತಿರುಗುಮುರುಗಾಗಿ ಹೋಯಿತು. ವಿಲಿಯಂ ರೋಬಿ ಎಂಬ ಸಂಗ್ರಾಹಕ ವಾಷಿಂಗ್ಟನ್ನಿನ ಅಂಚೆ ಕಚೇರಿಯ ಕೌಂಟರಿನಲ್ಲಿ 24 ಡಾಲರ್ ಕೊಟ್ಟು 100 ಚೀಟಿಗಳ ಹಾಳೆ ಕೊಂಡು ನೋಡಿದರೆ, ಎಲ್ಲ ವಿಮಾನಗಳೂ ತಲೆಕೆಳಗು! ಅಧಿಕಾರಿಗಳು ಹಿಂದಕ್ಕೆ ಕೇಳಿದರು, ಅವನು ಕೊಡಲಿಲ್ಲ. ಕೆಲವೇ ದಿನಗಳಲ್ಲಿ ಆ ಹಾಳೆಯನ್ನು 15,000 ಡಾಲರಿಗೆ ಮಾರಿದ. ಕೊಂಡ ವ್ಯಾಪಾರಿ ಅದನ್ನು 20,000ಕ್ಕೆ ಮಾರಿದ.

ರೋಬಿಯ ಮೇಲೆ ಸಂಗ್ರಾಹಕರಿಗೆ ಹೊಟ್ಟೆಕಿಚ್ಚು ಬಂದಿರಬಹುದು, ಆದರೆ ಅನ್ಯಾಯ ಮಾಡಿದ ಎಂದು ಯಾರೂ ಹೇಳುವುದಿಲ್ಲ. ಅವನು ನಿಂತಿದ್ದು ಎಲ್ಲರಿಗೂ ತೆರೆದಿದ್ದ ಕೌಂಟರಿನ ಮುಂದೆ. ಅದೇ ಹಾಳೆ ಅವನ ಹಿಂದಿನವನಿಗೂ ಸಿಗಬಹುದಿತ್ತು. ಫಾರ್ಲಿಯ ಸ್ನೇಹಿತರಿಗೆ ಸಿಕ್ಕಿದ್ದು ಇನ್ಯಾರಿಗೂ ಸಿಗುವಂತಿರಲಿಲ್ಲ. ವ್ಯತ್ಯಾಸ ಅಷ್ಟೇ. ಆದರೆ ಅದು ಸಣ್ಣದಲ್ಲ.

ಇನ್ನೊಂದು ತುದಿಯ ಕಥೆಯೂ ಇದೆ. 1961ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಷೋಲ್ಡ್ ಅವರ ನೆನಪಿಗೆ ಅಮೆರಿಕ 1962ರ ಅಕ್ಟೋಬರಿನಲ್ಲಿ ನಾಲ್ಕು ಸೆಂಟಿನ ಚೀಟಿ ತಂದಿತು. ಕೆಲವು ಹಾಳೆಗಳಲ್ಲಿ ಹಳದಿ ಬಣ್ಣ ತಲೆಕೆಳಗಾಗಿ ಕೂತಿತ್ತು. ನ್ಯೂಜೆರ್ಸಿಯ ಆಭರಣ ವ್ಯಾಪಾರಿ ಲಿಯೊನಾರ್ಡ್ ಶರ್ಮನ್ ಕೊಂಡ 50 ಚೀಟಿಗಳ ಹಾಳೆಯೂ ಅಂಥದ್ದೇ. ಅವರೂ ಸಾಲಿನಲ್ಲೇ ಕೊಂಡವರು. ಸುದ್ದಿ ಪತ್ರಿಕೆಗಳಲ್ಲಿ ಬಂದದ್ದೇ ತಡ, ಆಗಿನ ಪೋಸ್ಟ್‌ಮಾಸ್ಟರ್ ಜನರಲ್ ಎಡ್ವರ್ಡ್ ಡೇ ಅದೇ ತಪ್ಪನ್ನು ಬೇಕೆಂದೇ ಮತ್ತೆ ಅಚ್ಚು ಹಾಕಿಸಿದರು, ಸುಮಾರು 4 ಕೋಟಿ ಪ್ರತಿ! ಶರ್ಮನ್ ಅದನ್ನು ತಡೆಯಲು ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಷ್ಟರಲ್ಲಿ ತಪ್ಪು ಚೀಟಿಗಳು ಲಕ್ಷಗಟ್ಟಲೆ ಮಾರಾಟವಾಗಿದ್ದವು. ಅವರ ಕೈಗೆ ಉಳಿದದ್ದು, ಇವರ ಹಾಳೆ ಮೊದಲ ಅಚ್ಚಿನದು ಎಂಬ ಇಲಾಖೆಯ ಪತ್ರ. 1987ರಲ್ಲಿ ಆ ಹಾಳೆಯನ್ನು ಅವರು ಅಮೆರಿಕದ ಅಂಚೆಚೀಟಿ ಸಂಗ್ರಾಹಕರ ಸಂಘಕ್ಕೆ ದಾನ ಕೊಟ್ಟರು.

ಇದು ನ್ಯಾಯವೇ? ನಾನೂ ಕಾಕಾನೂ ಈ ವಿಷಯಕ್ಕೆ ಎಷ್ಟೋ ಸಂಜೆ ಜಗಳಾಡಿದ್ದೇವೆ. ಎಲ್ಲರಿಗೂ ಸಿಕ್ಕಿತಲ್ಲ ಎಂದು ನಾನು. "ಪಾಳಿಗೆ ನಿಂತು ತಗೊಂಡಾಂವಂದು ಯಾಕ ಕಸಗೋಬೇಕು?" ಎಂದು ಕಾಕಾ. ಈಗ ಅವರ ಮಾತೇ ಸರಿಯೆನಿಸುತ್ತದೆ. ಫಾರ್ಲಿಯ ಕಾಲದ ಮರುಮುದ್ರಣ ಮುಚ್ಚಿದ ಬಾಗಿಲನ್ನು ತೆರೆಯಿತು. ಡೇ ಅವರ ಮರುಮುದ್ರಣ ತೆರೆದ ಬಾಗಿಲಿನಿಂದ ಬಂದವನನ್ನು ಬರಿಗೈ ಮಾಡಿತು. ಎರಡೂ ಕಡೆ ಕೆಲಸ ಒಂದೇ, ನ್ಯಾಯ ಮಾತ್ರ ಬೇರೆ.

ಮರುಮುದ್ರಣದ ಆಸೆ ಎಲ್ಲಿಗೆ ಮುಟ್ಟಬಹುದೆಂಬುದನ್ನು ಅದಕ್ಕೂ ಮೊದಲೇ ಸಂಗ್ರಾಹಕರು ಕಂಡಿದ್ದರು. 1890ರ ಹೊತ್ತಿಗೆ ನಿಕೊಲಸ್ ಸೀಬೆಕ್ ಎಂಬಾತ ಈಕ್ವೆಡಾರ್, ಹೊಂಡುರಾಸ್, ನಿಕರಾಗುವಾ, ಎಲ್ ಸಾಲ್ವಡಾರ್ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡ. ವರ್ಷವರ್ಷವೂ ಹೊಸ ಚೀಟಿ ಬಿಟ್ಟಿಯಾಗಿ ಅಚ್ಚು ಹಾಕಿಕೊಡುವುದು. ಬದಲಿಗೆ ವರ್ಷದ ಕೊನೆಗೆ ಉಳಿದದ್ದನ್ನು ತಾನು ತೆಗೆದುಕೊಂಡು, ಬೇಕಾದರೆ ಇನ್ನಷ್ಟು ಅಚ್ಚು ಹಾಕಿ, ಸಂಗ್ರಾಹಕರಿಗೆ ಮಾರುವುದು. ಆ ಚೀಟಿಗಳು ಇಂದಿಗೂ ಹಳೆಯ ಆಲ್ಬಮ್ಮುಗಳ ತುಂಬ ಸಿಗುತ್ತವೆ, ಬೆಲೆಯಿಲ್ಲ. ಅಂಥದ್ದನ್ನು ತಡೆಯಲೆಂದೇ 1895ರಲ್ಲಿ ಲಂಡನ್ನಿನಲ್ಲಿ ಒಂದು ಸಂಘ ಹುಟ್ಟಿತು. ಬಹಳ ಕಾಲ ಬಾಳಲಿಲ್ಲ. ಆದರೆ ಕೊಳ್ಳುವವರೂ ತಮ್ಮೊಳಗೆ ಒಂದು ಕಟ್ಟುಪಾಡು ಮಾಡಿಕೊಳ್ಳಬೇಕು ಎಂಬ ಯೋಚನೆ ಆಗಲೇ ಇತ್ತು.

ಇವೆಲ್ಲ ಹೊರದೇಶದವು. ನಮ್ಮಲ್ಲಿ? ಸ್ವಾತಂತ್ರ್ಯದ ಮೊದಲ ವರ್ಷ ತುಂಬಿದ ದಿನ, 1948ರ ಆಗಸ್ಟ್ 15ರಂದು, ಗಾಂಧೀಜಿಯ ನಾಲ್ಕು ಚೀಟಿಗಳು ಬಂದವು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡಾಣೆ ಮತ್ತು 10 ರೂಪಾಯಿ. ಅಚ್ಚಾದದ್ದು ಸ್ವಿಟ್ಜರ್ಲೆಂಡಿನಲ್ಲಿ. ಇವುಗಳಲ್ಲಿ 100 ಜೊತೆಗಳ ಮೇಲೆ ಮಾತ್ರ 'ಸರ್ವಿಸ್' ಎಂದು ಮರುಅಚ್ಚು ಹಾಕಿಸಿ ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಕೊಡಲಾಯಿತು. ಅವುಗಳಲ್ಲಿ ಕೆಲವು ಗಣ್ಯರಿಗೆ, ಅಧಿಕಾರಿಗಳಿಗೆ ಕಾಣಿಕೆಯಾಗಿಯೂ ಹೋದವು. ಆ 10 ರೂಪಾಯಿ ಚೀಟಿ ಇಂದು ಜಗತ್ತಿನ ಅತಿ ಅಪರೂಪದ ಚೀಟಿಗಳಲ್ಲಿ ಒಂದು. 2017ರಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ನಾಲ್ಕು ಚೀಟಿಗಳ ಪಟ್ಟಿ 5 ಲಕ್ಷ ಪೌಂಡಿಗೆ, ಅಂದರೆ ಸುಮಾರು 4 ಕೋಟಿ ರೂಪಾಯಿಗೆ ಮಾರಾಟವಾಯಿತು. ಮೂರನೇ ದರ್ಜೆಯ ರೈಲು ಡಬ್ಬಿಯಲ್ಲಿ ಜನರ ಜೊತೆ ಓಡಾಡಿದವರ ಚೀಟಿ, ಎಷ್ಟು ಹೊತ್ತು ಸಾಲಿನಲ್ಲಿ ನಿಂತರೂ ಜನಸಾಮಾನ್ಯನಿಗೆ ಸಿಗುವಂತಿರಲಿಲ್ಲ.

ಇಷ್ಟನ್ನು ತಿಳಿದ ಮೇಲೆ ನನ್ನ ಐದು ಹಾಳೆಗಳತ್ತ ನೋಡುವ ಕಣ್ಣೇ ಬದಲಾಯಿತು. ನಾನು ಕಾನೂನು ಮುರಿದಿರಲಿಲ್ಲ. ಒಂದು ಪೈಸೆ ಲಂಚ ಕೊಟ್ಟಿರಲಿಲ್ಲ. ಆದರೂ ಆ ಹುಡುಗನಿಗೆ ಚೀಟಿ ಸಿಗದೆ ಹೋದದ್ದು ಅವನು ತಡವಾಗಿ ಬಂದದ್ದರಿಂದಲ್ಲ, ಪಕ್ಕದ ಬಾಗಿಲು ನನಗೆ ಗೊತ್ತಿದ್ದದ್ದರಿಂದ.

ಕಾಕಾ ಹೇಳಿದಂತೆ ಒಂದು ಹಾಳೆ ಇಟ್ಟುಕೊಂಡೆ. ಉಳಿದವನ್ನು ಬಿಡಿಸಿ, ನಮ್ಮ ಕನ್ನಡ ಸಂಘಕ್ಕೆ ಅಕ್ಷರ ಕಲಿಯಲು ಬರುತ್ತಿದ್ದ ಮಕ್ಕಳಿಗೆ, ಗೆಳೆಯರಿಗೆ, ಕಚೇರಿಯ ಸಹೋದ್ಯೋಗಿಗಳಿಗೆ ಮುಖಬೆಲೆಗೇ ಕೊಟ್ಟೆ. ಆ ಹುಡುಗನನ್ನು ಹುಡುಕಿಕೊಂಡು ಎರಡು ಶನಿವಾರ ಅದೇ ಕೌಂಟರಿನ ಬಳಿ ಕಾದೆ. ಸಿಗಲಿಲ್ಲ. ಅವನ ಪಾಲಿನದೆಂದು ಒಂದು ಚೀಟಿಯನ್ನು ಬೇರೆ ಲಕೋಟೆಯಲ್ಲಿ ಇಟ್ಟಿದ್ದೇನೆ. ಅವನಿಗೆ ಈಗ ಮೂವತ್ತು ದಾಟಿರಬೇಕು.

ಅಂದಿನಿಂದ ನಮ್ಮ ನಾಲ್ಕೈದು ಜನ ಸಂಗ್ರಾಹಕರ ಗುಂಪಿನಲ್ಲಿ ಕೆಲವು ನಿಯಮ ಪಾಲಿಸುತ್ತ ಬಂದಿದ್ದೇವೆ. ಮೊದಲ ದಿನ ತನಗೊಂದು, ವಿನಿಮಯಕ್ಕೊಂದು, ಅಷ್ಟೇ. ಹೆಚ್ಚು ಬೇಕಿದ್ದರೆ ಸಾಲು ಕರಗಿದ ಮೇಲೆ. ಪರಿಚಯವಿದ್ದರೂ ತೆಗೆದಿಡಲು ಹೇಳುವಂತಿಲ್ಲ. ಗೆಳೆಯನಿಗಾಗಿ ಕೊಂಡದ್ದನ್ನು ಕೊಂಡ ಬೆಲೆಗೇ ಕೊಡಬೇಕು. ಮಾರುವಾಗ ಹರಿದದ್ದು, ಮತ್ತೆ ಅಂಟು ಹಚ್ಚಿದ್ದು ಇದ್ದರೆ ಕೇಳುವ ಮೊದಲೇ ಹೇಳಬೇಕು. ಮಕ್ಕಳು ಸಾಲಿನಲ್ಲಿದ್ದರೆ ಅವರನ್ನು ಮುಂದೆ ಬಿಡಬೇಕು. 2017ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕಾಫಿ ಪರಿಮಳದ ಚೀಟಿ ಬಿಡುಗಡೆಯಾದಾಗ ಅಲ್ಲಿದ್ದ ತಂಗಿಗೂ ಇದನ್ನೇ ಹೇಳಿದ್ದೆ: ಎರಡೇ ತಾ.

ಇದನ್ನು ಓದುವವರಲ್ಲಿ ಅಂಚೆಚೀಟಿ ಕೂಡಿಡುವವರು ಕಡಿಮೆ ಇರಬಹುದು. ನಿಮ್ಮದು ಸೀಮಿತ ಸಂಖ್ಯೆಯ ಬೂಟು, ಕೈಗಡಿಯಾರ, ನಾಣ್ಯ, ಲೇಖಕರ ಸಹಿಯಿರುವ ಪುಸ್ತಕ, ಏನಾದರೂ ಆಗಿರಬಹುದು. ಈಗ ಸಾಲು ಮೊಬೈಲಿನೊಳಗೆ ನಿಂತಿದೆ. ಪಕ್ಕದ ಬಾಗಿಲೂ ಅಲ್ಲೇ ಇದೆ: ಒಳಗಿನ ಗೆಳೆಯ ಮೊದಲೇ ಕಳಿಸುವ ಲಿಂಕು, ಒಂದೇ ಮನೆಯಿಂದ ಆರು ಖಾತೆ, ಮನುಷ್ಯರಿಗಿಂತ ಮೊದಲು ಗುಂಡಿ ಒತ್ತುವ ಪ್ರೋಗ್ರಾಮು. ಹಿಂದೆ ನಿಂತವರ ಮುಖ ಮಾತ್ರ ಕಾಣುವುದಿಲ್ಲ. ನನಗೆ ಆ ದಿನ ಕಂಡಿತ್ತು. ಕಂಡೂ ನಡೆದುಬಿಟ್ಟಿದ್ದೆ. ಕಾಣದಿದ್ದಾಗ ನಿಲ್ಲುವುದು ಇನ್ನೂ ಕಷ್ಟ.