ಗಾಲ್ವೆಸ್ಟನ್ ನಗರದ ಕಡಲಗೋಡೆ: ವ್ಯಕ್ತಿಯ ಹೊಣೆ, ಸಮುದಾಯದ ಹೊಣೆ

ಚಂಡಮಾರುತಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಗಾಳಿಯ ವೇಗವನ್ನೂ ಮೃತರ ಸಂಖ್ಯೆಯನ್ನೂ ತಿಳಿಸಿ ವಿರಮಿಸುತ್ತಾರೆ. ವಿಪತ್ತಿಗೆ ಮುನ್ನ ಯಾರು ಯಾವ ಕರ್ತವ್ಯವನ್ನು ಮಾಡಬೇಕಾಗಿತ್ತು, ಯಾರು ಮಾಡದೆ ಉಳಿದರು ಎಂಬ ಪ್ರಶ್ನೆಯಾದರೋ ಹಿಂದೆ ಬೀಳುತ್ತದೆ. ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಗಾಲ್ವೆಸ್ಟನ್ ನಗರದ ನಿದರ್ಶನದಿಂದ ಈ ಪ್ರಶ್ನೆಯನ್ನು ವಿವೇಚಿಸುವುದು ನಮ್ಮ ಉದ್ದೇಶ.

ಗಾಲ್ವೆಸ್ಟನ್ ಮೆಕ್ಸಿಕೋ ಕೊಲ್ಲಿಯ ಮರಳುದ್ವೀಪವೊಂದರ ಮೇಲಿನ ರೇವುಪಟ್ಟಣ. 1900ರಲ್ಲಿ ಅಲ್ಲಿ ಸುಮಾರು 38,000 ಜನರಿದ್ದರು. ನಗರದ ಅತ್ಯುನ್ನತ ಸ್ಥಳವೂ ಸಮುದ್ರಮಟ್ಟದಿಂದ 9 ಅಡಿಗಳಷ್ಟು ಎತ್ತರವಿರಲಿಲ್ಲ. ಮುನ್ಸೂಚನೆ ಇಲ್ಲದಿರಲಿಲ್ಲ. ಅದೇ ಕರಾವಳಿಯ ಇಂಡಿಯನೋಲಾ ಎಂಬ ರೇವು 1875ರ ಮತ್ತು 1886ರ ಚಂಡಮಾರುತಗಳಿಗೆ ತುತ್ತಾಗಿ ನಿರ್ಜನವಾಗಿತ್ತು. ಅದನ್ನು ಕಂಡು ಗಾಲ್ವೆಸ್ಟನ್ನಿನ ಕೆಲವರು ಕಡಲಗೋಡೆಯ ಮಾತನ್ನೆತ್ತಿದರಾದರೂ ಕಾರ್ಯ ನಡೆಯಲಿಲ್ಲ. 1891ರಲ್ಲಿ ಅಲ್ಲಿನ ಹವಾಮಾನ ಕಚೇರಿಯ ಅಧಿಕಾರಿ ಐಸಾಕ್ ಕ್ಲೈನನು, ನಗರಕ್ಕೆ ಚಂಡಮಾರುತದಿಂದ ಭಾರಿ ಹಾನಿಯಾದೀತೆಂಬ ಭಯ ನಿರಾಧಾರವೆಂದು ಸ್ಥಳೀಯ ಪತ್ರಿಕೆಯಲ್ಲಿ ಬರೆದನು. ಶಾಸ್ತ್ರಜ್ಞನ ಬಾಯಿಂದ ಬಂದ ಈ ಅಭಯವು ಆಲಸ್ಯಕ್ಕೆ ಆಧಾರವಾಯಿತೆನ್ನದೆ ವಿಧಿಯಿಲ್ಲ.

1900ರ ಸೆಪ್ಟೆಂಬರ್ 8ರಂದು ಕಡಲು 15 ಅಡಿಗಳಿಗೂ ಮಿಗಿಲಾಗಿ ಏರಿತು. ಮಡಿದವರು ಕನಿಷ್ಠ 6,000 ಮಂದಿ. 8,000 ಎಂಬ ಅಂದಾಜು ಹೆಚ್ಚು ಪ್ರಚಲಿತವಾಗಿದೆ. ಅಂದು ವ್ಯಕ್ತಿಗಳು ಕರ್ತವ್ಯವನ್ನು ಮರೆತಿದ್ದರೆನ್ನುವುದು ನ್ಯಾಯವಾಗದು. ಕ್ಲೈನನ ಮನೆ ದೃಢವಾಗಿದ್ದುದರಿಂದ ಸುಮಾರು 50 ಮಂದಿ ಅಲ್ಲಿ ಆಶ್ರಯ ಪಡೆದರು. ನೀರಿನಲ್ಲಿ ತೇಲಿಬಂದ ಟ್ರಾಮ್ ಹಳಿಯ ಕಟ್ಟಣೆ ಅಪ್ಪಳಿಸಿ ಆ ಮನೆಯೂ ಉರುಳಿತು. ಅವನ ಪತ್ನಿ ಮೃತಳಾದಳು. ಸೇಂಟ್ ಮೇರಿ ಅನಾಥಾಲಯದ ಸನ್ಯಾಸಿನಿಯರು ಮಕ್ಕಳನ್ನು ಬಟ್ಟೆ ಒಣಗಿಸುವ ಹಗ್ಗಗಳಿಂದ ತಮ್ಮ ನಡುವಿಗೆ ಬಿಗಿದುಕೊಂಡರು. ಹತ್ತು ಮಂದಿ ಸನ್ಯಾಸಿನಿಯರೂ 90 ಮಕ್ಕಳೂ ಅಸುನೀಗಿದರು. ಉಳಿದವರು ಮೂವರು ಬಾಲಕರು ಮಾತ್ರ. ಊರು ಕಟ್ಟದ ಗೋಡೆಯ ಕೆಲಸವನ್ನು ಒಂದು ಮನೆಯಾಗಲಿ ಒಂದು ಹಗ್ಗವಾಗಲಿ ಮಾಡಲಾರದು.

ಅನಂತರ ನಡೆದುದು ಗಮನಾರ್ಹವಾದುದು. ಹೆನ್ರಿ ರಾಬರ್ಟ್ ಮೊದಲಾದ ಮೂವರು ಎಂಜಿನಿಯರುಗಳ ಸಲಹೆಯಂತೆ 1902ರಲ್ಲಿ ಆರಂಭವಾದ 17 ಅಡಿ ಎತ್ತರದ ಗೋಡೆ, 1904ರಲ್ಲಿ ಮೂರು ಮೈಲಿಗಳಿಗೂ ಹೆಚ್ಚು ದೂರ ಸಿದ್ಧವಾಯಿತು. ಇದಕ್ಕಾಗಿ ಹೊರಡಿಸಿದ ಸಾಲಪತ್ರಗಳನ್ನು ಪುರಜನರೇ ಬಹುಮಟ್ಟಿಗೆ ಕೊಂಡರು. ಮುಂದಿನ ಕೆಲವು ವರ್ಷಗಳಲ್ಲಿ ನಗರದ ನೆಲವನ್ನೇ ಮರಳು ತುಂಬಿ ಎತ್ತರಿಸಲಾಯಿತು. ಮರಳಿನ ವೆಚ್ಚ ಸಾರ್ವಜನಿಕರದು. ತನ್ನ ಮನೆಯನ್ನು ತಿರುಪುಜಾಕಿಗಳಿಂದ ಮೇಲೆತ್ತಿಸುವ ವೆಚ್ಚ ಆಯಾ ಮನೆಯ ಒಡೆಯನದು. ಹೀಗೆ 2,000ಕ್ಕೂ ಹೆಚ್ಚು ಕಟ್ಟಡಗಳು ಮೇಲೆದ್ದವು. ಎರಡು ಬಗೆಯ ಹೊಣೆಗಳ ಎಲ್ಲೆಯನ್ನು ಇಷ್ಟು ಸ್ಪಷ್ಟವಾಗಿ ಗುರುತಿಸಿದ ನಿದರ್ಶನಗಳು ವಿರಳ. 1915ರಲ್ಲಿ ಪುನಃ ಪ್ರಬಲವಾದ ಚಂಡಮಾರುತ ಎರಗಿದಾಗ ನಗರದೊಳಗೆ ಸತ್ತವರ ಸಂಖ್ಯೆ ಹತ್ತರ ಆಸುಪಾಸಿನಲ್ಲಿತ್ತು. ಗೋಡೆಯ ರಕ್ಷಣೆಯಿಲ್ಲದ ಸುತ್ತಲಿನ ಪ್ರದೇಶದಲ್ಲಿ ಸಾವು ಇದಕ್ಕಿಂತ ಬಹಳ ಹೆಚ್ಚು.

ಆದರೆ ಗೋಡೆಯಿದ್ದ ಮಾತ್ರಕ್ಕೆ ವ್ಯಕ್ತಿಯ ಹೊಣೆ ತೀರಲಿಲ್ಲ. 2008ರಲ್ಲಿ ಐಕ್ ಚಂಡಮಾರುತ ಸಮೀಪಿಸಿದಾಗ ನಗರವನ್ನು ತೆರವು ಮಾಡಬೇಕೆಂಬ ಆಜ್ಞೆ ಹೊರಟಿತು. ಸಾವಿರಾರು ಜನರು ಅದನ್ನು ಪಾಲಿಸದೆ ಉಳಿದರು. ಗೋಡೆ ತೆರೆದ ಕಡಲಿನತ್ತ ಮುಖ ಮಾಡಿತ್ತು. ನೀರು ಹಿಂದಿನ ಕೊಲ್ಲಿಯ ಕಡೆಯಿಂದ ನಗರವನ್ನು ಹೊಕ್ಕಿತು. 1891ರಲ್ಲಿ ಒಬ್ಬ ಅಧಿಕಾರಿಯ ಮಾತು ಕೊಟ್ಟ ನಿಶ್ಚಿಂತೆಯನ್ನು ಈಗ ಕಲ್ಲು ಕಾಂಕ್ರೀಟುಗಳು ಕೊಟ್ಟಿದ್ದವೆಂದು ನಮಗೆ ತೋರುತ್ತದೆ.

ಗೋಡೆ ಕಟ್ಟುವುದು, ಸಕಾಲದಲ್ಲಿ ಎಚ್ಚರಿಸುವುದು, ಸತ್ಯವನ್ನು ಹೇಳುವುದು ಸಮುದಾಯದ ಕೆಲಸ. ಆ ಎಚ್ಚರಿಕೆಯನ್ನು ನಂಬಿ ಮನೆ ಬಿಟ್ಟು ಹೊರಡುವುದು ಒಬ್ಬೊಬ್ಬನೂ ತಾನೇ ಮಾಡಬೇಕಾದ ಕೆಲಸ. ಒಂದರ ಕೊರತೆಯನ್ನು ಇನ್ನೊಂದು ತುಂಬಲಾರದೆಂಬುದನ್ನು ಗಾಲ್ವೆಸ್ಟನ್ನಿನ ಒಂದು ಶತಮಾನದ ಚರಿತ್ರೆಯಿಂದ ನಾವು ತಿಳಿಯಬಹುದಾಗಿದೆ.