ಕೊನೆಗಾರನ ಕೂಲಿ

ಅಡಿಕೆಯ ಚರಿತ್ರೆ ಬರೆಯುವವರು ಕೊಳೆರೋಗದ ಮಾತು ಬಂದ ಕೂಡಲೇ ಲೆಸ್ಲಿ ಕೋಲ್ಮನ್ ಅವರ ಹೆಸರು ಹೇಳುತ್ತಾರೆ. ಹೇಳಬೇಕಾದ್ದೇ. ಕೆನಡಾದ ಈ ವಿಜ್ಞಾನಿ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ಮಳೆಗಾಲದಲ್ಲಿ ಎಳೆಗಾಯಿಯನ್ನು ಕೊಳೆಸಿ ಉದುರಿಸುವ ಶಿಲೀಂಧ್ರವನ್ನು ಗುರುತಿಸಿ 1910ರಲ್ಲಿ ಅದರ ಬಗ್ಗೆ ಬರೆದರು. ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೋ ದ್ರಾವಣವನ್ನು ಅಡಿಕೆ ಕೊನೆಗಳಿಗೆ ಹೊಡೆಯುವ ಪದ್ಧತಿ ಅವರಿಂದ ಬಂತು. ಫ್ರಾನ್ಸಿನ ದ್ರಾಕ್ಷಿತೋಟಗಳಿಗಾಗಿ 1885ರ ಸುಮಾರಿಗೆ ಹುಟ್ಟಿದ ಮದ್ದು ಅದು. ದ್ರಾಕ್ಷಿ ಬಳ್ಳಿ ಆಳೆತ್ತರದ್ದು, ನಮ್ಮ ಅಡಿಕೆ ಮರ ಐವತ್ತು ಅರವತ್ತು ಅಡಿಯದ್ದು. ನಡುವೆ ಇರುವ ಅಷ್ಟೂ ಅಡಿಯನ್ನು ಹತ್ತಿದವನು ಕೊನೆಗಾರ. ಅವನಿಗೆ ಕೂಲಿ ಎಷ್ಟಿತ್ತು, ಯಾವ ಅಳತೆಯಲ್ಲಿತ್ತು ಎಂಬುದು ನನ್ನ ಪ್ರಶ್ನೆ. ದಲಿತ ವಿಮರ್ಶೆ ಎಂದರೆ ಕಾದಂಬರಿಯಲ್ಲಿ ನಮ್ಮವರ ಪಾತ್ರ ಹೇಗೆ ಬಂದಿದೆ ಎಂದು ಹುಡುಕುವುದು ಮಾತ್ರ ಎಂದು ನಾನು ತಿಳಿದಿಲ್ಲ. ಕೂಲಿಯ ಸೇರನ್ನು ಓದುವುದೂ ವಿಮರ್ಶೆಯ ಕೆಲಸವೇ.

ಮದ್ದು ಬರುವುದಕ್ಕೆ ಮುಂಚೆ ಮಲೆನಾಡಿನಲ್ಲಿ ಕೊನೆಗೆ ಕೊಟ್ಟೆ ಕಟ್ಟುತ್ತಿದ್ದರು. ಕರಡದ ಹುಲ್ಲಿನಲ್ಲಿ ಹೆಣೆದ ಈ ಕೊಟ್ಟೆ ಕೊನೆಗೆ ಕೊಡೆಯಿದ್ದ ಹಾಗೆ. ಮಳೆ ಹಿಡಿಯುವ ಮೊದಲೇ, ಮರ ಒಣಗಿರುವಾಗಲೇ ಹತ್ತಿ ಕಟ್ಟಿ ಇಳಿದರೆ ಮುಗಿಯಿತು. ಬೋರ್ಡೋ ಹಾಗಲ್ಲ. ಮೊದಲನೆಯದು ಮಳೆಗೆ ಮುಂಚೆ, ಎರಡನೆಯದು ನಲವತ್ತು ನಲವತ್ತೈದು ದಿನ ಬಿಟ್ಟು. ಅಂದರೆ ಆಷಾಢದ ಜಡಿಮಳೆಯಲ್ಲಿ, ಮರದ ಮೈಗೆಲ್ಲ ಪಾಚಿ ಕಟ್ಟಿ ಲೋಳೆಯಾಗಿರುವಾಗ. ಮಳೆ ಜೋರಾದ ವರ್ಷ ಮೂರನೆಯ ಸಲವೂ ಹತ್ತಬೇಕು. ವಿಜ್ಞಾನ ಬೆಳೆಯನ್ನು ಉಳಿಸಿತು, ಇದು ನಿಜ. ಆದರೆ ಅದೇ ವಿಜ್ಞಾನ, ಒಣಮರದ ಕೆಲಸವಾಗಿದ್ದುದನ್ನು ಜಾರುಮರದ ಕೆಲಸವನ್ನಾಗಿಯೂ ಮಾಡಿತು. ನಮ್ಮಪ್ಪ ಹೇಳ್ತಿದ್ದ: ‘ಮರ ಒಣಗಿದ್ರೆ ಮೈಯ ಕೆಲಸ, ಜಾರ್ತಿದ್ರೆ ಜೀವದ ಕೆಲಸ. ಕೂಲಿ ಮಾತ್ರ ಎರಡಕ್ಕೂ ಅಷ್ಟೇ ಕಣೋ.’

ಕೆಲಸದ ರೀತಿ ಹೇಳಬೇಕು. ಕಾಲಿಗೆ ತಳೆ, ಕೂರಲು ಹಗ್ಗ ಬಿಗಿದ ಒಂದು ಮಣೆ, ಸೊಂಟದಲ್ಲಿ ಕತ್ತಿ. ಮೇಲೆ ಹೋದವನು ಮರಮರಕ್ಕೂ ಇಳಿದು ಹತ್ತುವುದಿಲ್ಲ. ತಾನಿರುವ ಮರವನ್ನೇ ಜೀಕಿ, ಬಾಗಿಸಿ, ಪಕ್ಕದ ಮರವನ್ನು ಕೈಯಲ್ಲಿ ಹಿಡಿದು ದಾಟುತ್ತಾನೆ. ದಾಟುವ ಆ ಗಳಿಗೆಯಲ್ಲಿ ಅವನು ಎರಡು ಮರಗಳಿಗೂ ಪೂರ್ತಿ ಸೇರಿದವನಲ್ಲ. ಕೆಳಗೆ ಇಬ್ಬರು ಪಂಪು ಒತ್ತುತ್ತಿರುತ್ತಾರೆ. ನೀಲಿ ನೀರು ಕೊನೆಗೆ ಬಿದ್ದಷ್ಟೇ ಅವನ ಕಣ್ಣಿಗೂ ಬೀಳುತ್ತದೆ. ಕೊಯ್ಲಿನಲ್ಲಿ ಕೊನೆ ಹಗ್ಗದ ಮೇಲೆ ಜಾರಿ ಕೆಳಗಿರುವವನ ಕೈಗೆ ಬರುತ್ತದೆ, ನೆಲಕ್ಕೆ ಬೀಳುವಂತಿಲ್ಲ. ಅಡಿಕೆ ಬೀಳಬಾರದು ಎಂಬುದಕ್ಕೆ ಹಗ್ಗವಿತ್ತು; ಆಳು ಬೀಳಬಾರದು ಎಂಬುದಕ್ಕೆ ಅವನ ಕೈಕಾಲೇ ಗತಿ. ನಮ್ಮ ಕಡೆ ದೀವರೂ ಹತ್ತುತ್ತಿದ್ದರು, ನಮ್ಮ ಕೇರಿಯವರೂ ಹತ್ತುತ್ತಿದ್ದರು. ಕೊನೆಯನ್ನು ನಾವು ಮುಟ್ಟಿ ಇಳಿಸಬಹುದಿತ್ತು, ಅದೇ ಅಡಿಕೆ ಆರುವ ಮನೆಯ ಜಗಲಿಯನ್ನು ಮುಟ್ಟುವಂತಿರಲಿಲ್ಲ. ಅಂದರೆ ಮೈಲಿಗೆಯೂ ಒಡೆಯರ ಅನುಕೂಲ ನೋಡಿಕೊಂಡೇ ಮರ ಇಳಿಯುತ್ತಿತ್ತು.

ಅರವತ್ತರ ದಶಕದಲ್ಲಿ ನಮ್ಮಪ್ಪ ಒಂದು ಮನೆಯ ಆಳು. ಮದುವೆಗೆ ತಂದ ಸಾಲ ಒಡೆಯರ ಪುಸ್ತಕದಲ್ಲಿತ್ತು. ದಿನಕ್ಕೆ ಇಷ್ಟು ಸೇರು ಭತ್ತ, ಮಧ್ಯಾಹ್ನದ ಊಟ, ಎಲೆಯಡಿಕೆ. ಗೊಬ್ಬರ ಹೊತ್ತರೂ ಅಷ್ಟೇ, ಮರ ಹತ್ತಿದರೂ ಅಷ್ಟೇ. ಕೆಲಸ ಮಿಕ್ಕಾಗ ಹೊರಗಿನಿಂದ ಕೊನೆಗಾರರನ್ನು ಕರೆಸುತ್ತಿದ್ದರು, ಅವರಿಗೆ ಕೊನೆಯ ಲೆಕ್ಕದಲ್ಲಿ ರೊಕ್ಕ. ಅದೇ ತೋಟ, ಅದೇ ಎತ್ತರ, ಕೂಲಿ ಎರಡು. ಕಸುಬಿನಲ್ಲಿ ನಮ್ಮಪ್ಪ ಅವರಿಗಿಂತ ಕಡಿಮೆಯೇನಿರಲಿಲ್ಲ. ಅವರು ‘ಬರಲ್ಲ’ ಅನ್ನಬಹುದಿತ್ತು, ಇವನು ಅನ್ನುವಂತಿರಲಿಲ್ಲ, ಅಷ್ಟೇ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಗಾಗಿ. ಗಣಪತಿಯಪ್ಪನವರ ಆ ಹೋರಾಟಕ್ಕೆ ಲೋಹಿಯಾ ಬಂದು ಬಂಧನಕ್ಕೊಳಗಾದದ್ದನ್ನು ಸಮಾಜವಾದಿಗಳು ಬಹಳ ಬರೆದಿದ್ದಾರೆ. ಗೇಣಿ ಅಳೆಯುವ ಕೊಳಗ ದೊಡ್ಡದಾಗಿತ್ತು ಎನ್ನುವುದು ಚರಿತ್ರೆಗೆ ಸೇರಿತು. ಕೂಲಿ ಅಳೆಯುವ ಸೇರಿನ ಮಾತು ಸೇರಲಿಲ್ಲ. 1974ರ ಭೂಸುಧಾರಣೆಯಲ್ಲೂ ಗೇಣಿ ಮಾಡಿದವನಿಗೆ ನೆಲ ಸಿಕ್ಕಿತು. ಗೇಣಿಯೇ ಇಲ್ಲದವನು ಯಾವ ಡಿಕ್ಲರೇಷನ್ ಕೊಡಬೇಕಿತ್ತು? ಚೋಮನಿಗೆ ಬೇಸಾಯ ಬೇಕಿತ್ತು ಎಂದು ನಾವು ಎಷ್ಟೋ ಲೇಖನ ಬರೆದಿದ್ದೇವೆ. ಆ ಬೇಸಾಯ ಸಿಗದವನ ಕೂಲಿಯ ಬಗ್ಗೆ ಅದರ ಅರ್ಧ ಬರೆದಿದ್ದರೂ ಸಾಕಿತ್ತು.

ತೋಟಗಾರರು ತಮ್ಮ ಬೆಲೆಗಾಗಿ ಬೇಗನೆ ಒಂದಾದರು. ಶಿರಸಿಯ ಮಾರಾಟ ಸಹಕಾರ ಸಂಘ 1923ರದ್ದು, ಶಿವಮೊಗ್ಗದ ಮ್ಯಾಮ್ಕೋಸ್ 1939ರದ್ದು, ಮಂಗಳೂರಿನ ಕ್ಯಾಂಪ್ಕೋ 1973ರದ್ದು. ಕೆಲಸದಲ್ಲಿ ಸತ್ತ ಕಾರ್ಮಿಕನಿಗೆ ಪರಿಹಾರ ಕೊಡಿಸುವ ಕಾಯ್ದೆ ಬಂದದ್ದೂ ಅದೇ 1923ರಲ್ಲಿ. ಅದು ಆಗ ರೈಲು, ಗಣಿ, ಕಾರ್ಖಾನೆಗಳಂಥ ಕೆಲಸಗಳವರಿಗೆ. ಅಡಿಕೆ ಮರ ಹತ್ತುವವನು ಅದರಲ್ಲಿ ಬರುತ್ತಿರಲಿಲ್ಲ. ಮುಂದೆ ಬೇಸಾಯದ ಆಳು ಸೇರಿದಾಗಲೂ ಪರಿಹಾರ ನಿಂತದ್ದು ತಿಂಗಳ ಸಂಬಳದ ಲೆಕ್ಕದ ಮೇಲೆ. ಭತ್ತ ಮತ್ತು ಎಲೆಯಡಿಕೆಯ ತಿಂಗಳ ಸಂಬಳ ಎಷ್ಟು ಎಂದು ಯಾವ ಗುಮಾಸ್ತ ಬರೆದುಕೊಳ್ಳುತ್ತಾನೆ?

ನಮ್ಮಪ್ಪನ ಕೂಲಿ ಬದಲಾದದ್ದು ಅಡಿಕೆಯ ಧಾರಣೆಯಿಂದಲ್ಲ. 1976ರ ಕಾಯ್ದೆ ಜೀತವನ್ನೂ ಜೀತದ ಸಾಲವನ್ನೂ ರದ್ದು ಮಾಡಿತಲ್ಲ, ಆ ಸುದ್ದಿ ಕೇರಿಗೆ ಬಂದ ಮೇಲೆ ಅವನು ಆ ಮನೆ ಬಿಟ್ಟು ಹತ್ತು ಮೈಲಿ ಆಚೆಯ ತೋಟಗಳಿಗೆ ಹೋದ. ಆ ವರ್ಷದ ಕೊಯ್ಲಿಗೆ ಮೊದಲ ಬಾರಿ ಕೊನೆಯ ಲೆಕ್ಕದಲ್ಲಿ ರೊಕ್ಕ ತಂದ. ಮರ ಅಷ್ಟೇ ಎತ್ತರವಿತ್ತು.

ನಮ್ಮ ತಲೆಮಾರಿನವರು ಶಾಲೆಗೆ ಹೋದೆವು, ಊರು ಬಿಟ್ಟೆವು. ಹತ್ತುವವರು ಕಡಿಮೆಯಾದ ಹಾಗೆ ಕೂಲಿ ಏರಿತು. ಈಗ ದಿನಕ್ಕೆ ಸಾವಿರ ರೂಪಾಯಿ ದಾಟಿದೆ. ಜೊತೆಗೆ ಹೆಸರೂ ಬದಲಾಯಿತು. 2011ರಲ್ಲಿ ತೆಂಗು ಅಭಿವೃದ್ಧಿ ಮಂಡಳಿ ತೆಂಗಿನ ಮರ ಹತ್ತುವವರಿಗೆ ತರಬೇತಿ, ವಿಮೆ ಕೊಟ್ಟು ‘ಮರದ ಸ್ನೇಹಿತರು’ ಎಂದಿತು. 2018ರಲ್ಲಿ ವಿಟ್ಲದಲ್ಲಿ ಅಡಿಕೆ ಮರ ಹತ್ತಲು ಯುವಕರಿಗೆ ಶಿಬಿರ ನಡೆಯಿತು. ಕೇರಿಯ ಮೈಯಲ್ಲಿದ್ದಾಗ ‘ಅವರಿಗೆ ಅದು ಅಭ್ಯಾಸ’ ಎನ್ನುತ್ತಿದ್ದರು. ಈಗ ಅದು ಕೌಶಲ್ಯ. ನನಗೆ ಹೊಟ್ಟೆಕಿಚ್ಚಿಲ್ಲ, ವಿಮೆ ಯಾರಿಗೆ ಬಂದರೂ ಒಳ್ಳೆಯದೇ. ಆದರೆ ಈ ಗೌರವ ಮರ ಹತ್ತಿದವರು ಸಂಪಾದಿಸಿದ್ದಲ್ಲ, ಹತ್ತಲು ಒಲ್ಲೆ ಎಂದವರು ಸಂಪಾದಿಸಿ ಕೊಟ್ಟದ್ದು.

ಈಚೆಗೆ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಮದ್ದು ಹೊಡೆಯಬಹುದು, ಕೊನೆ ಕೊಯ್ಯಬಹುದು. ಕತ್ತು ನೋಯುತ್ತದೆ, ಬೆನ್ನು ಮುರಿಯುವುದಿಲ್ಲ. ನಮ್ಮ ಕೇರಿಯ ಇಬ್ಬರು ಹುಡುಗರು ಸಾಲ ಮಾಡಿ ಸ್ವಂತಕ್ಕೆ ತಂದುಕೊಂಡು ಕೊನೆಯ ಲೆಕ್ಕದಲ್ಲಿ ಮಾತಾಡುತ್ತಾರೆ. ಉಳಿದವರು ತೋಟದವರ ದೋಟಿ ಹಿಡಿಯುತ್ತಾರೆ, ಅವರಿಗೆ ದಿನಗೂಲಿ.